ಎರಡು ಚಾಕು, ಒಂದೇ ಕೆಲಸ

ಎರಡು ಚಾಕುಗಳಲ್ಲಿ ಯಾವುದು ಮೇಲು ಎಂದು ತಿಳಿಯಬೇಕಾದರೆ ಎರಡಕ್ಕೂ ಒಂದೇ ಕೆಲಸ ಕೊಡಬೇಕು. ಒಂದು ಹಗ್ಗ ಕೊಯ್ದರೆ ಇನ್ನೊಂದೂ ಅದೇ ಹಗ್ಗ ಕೊಯ್ಯಬೇಕು. ಇದು ನಾನು ಹಾಕಿದ ನಿಯಮ. ಶಾಲೆಯ ಪ್ರಯೋಗಾಲಯದಲ್ಲಿ ಕಲಿತದ್ದು. ಅರ್ಥವಾಗದಂಥದ್ದು ಇದರಲ್ಲಿ ಏನೂ ಇಲ್ಲ. ಆದರೆ ನಮ್ಮಲ್ಲಿ ಸುಲಭದ ನಿಯಮ ಹಾಕಿದರೇ ಅದು ಮುರಿಯುವುದು. ಕಷ್ಟದ ನಿಯಮವನ್ನಾದರೆ ಜನ ಹೆದರಿಯಾದರೂ ಪಾಲಿಸುತ್ತಾರೆ.

ಹುಣಸೂರಿನಲ್ಲಿ ನಾನೂ ನನ್ನ ಹೆಂಡತಿಯ ತಮ್ಮನೂ ಸೇರಿ ಒಂದು ನರ್ಸರಿ ನಡೆಸುತ್ತೇವೆ. ತೆಂಗು, ಮಾವು, ಸಿಲ್ವರ್ ಓಕ್ ಸಸಿಗಳು. ಇಲ್ಲಿ ಕೆಲಸ ಮಾಡುವವರ ಬಳಿ ಒಂದೊಂದು ಮಡಚುವ ಚಾಕು ಇರಲೇಬೇಕು. ದಾರ, ಗೋಣಿ, ಪ್ಲಾಸ್ಟಿಕ್ ಚೀಲ, ಡ್ರಿಪ್ ಪೈಪು, ದಿನವಿಡೀ ಏನಾದರೊಂದು ಕೊಯ್ಯುವುದಿರುತ್ತದೆ. ಕಳೆದ ವರ್ಷ ಪಿರಿಯಾಪಟ್ಟಣದ ಆಚೆಯ ಕೊಪ್ಪದಿಂದ ತಂದ ಅಗ್ಗದ ಚಾಕುವೊಂದು ಕೆಲಸದ ನಡುವೆ ತಾನಾಗಿ ಮಡಚಿಕೊಂಡು ನಮ್ಮ ಅಕ್ಕನ ತೋರುಬೆರಳಿಗೆ ಹೊಲಿಗೆ ಹಾಕಿಸಬೇಕಾಯಿತು. ಅಕ್ಕ ಎಂದರೆ ನಮ್ಮ ಕೆಲಸದ ಹೆಂಗಸರಿಗೆಲ್ಲ ಹಿರಿಯರು. ಅಂತರಸಂತೆ ಕಡೆಯ ಕಾಡಂಚಿನ ಹಾಡಿಯಿಂದ ಮದುವೆಯಾಗಿ ಹುಣಸೂರಿಗೆ ಬಂದವರು. ಆ ಬೆರಳು ಈಗಲೂ ಪೂರ್ತಿ ಬಾಗುವುದಿಲ್ಲ.

ಈ ಸಲ ಎಲ್ಲರಿಗೂ ಗಟ್ಟಿ ಲಾಕ್ ಇರುವ ಒಳ್ಳೆಯ ಚಾಕು ಕೊಡಿಸೋಣ ಎಂದೆ.

"ಒಂದರ ದುಡ್ಡಿಗೆ ಕೊಪ್ಪದಲ್ಲಿ ಒಂದು ಬುಟ್ಟಿ ಬರ್ತವೆ ಭಾವ," ಎಂದ ಭಾವಮೈದ. "ಅದೂ ಕುಯ್ತದೆ, ಇದೂ ಕುಯ್ತದೆ."

"ಹಾಗಾದರೆ ಪರೀಕ್ಷೆ ಮಾಡಿಯೇ ತೀರ್ಮಾನಿಸೋಣ," ಎಂದೆ. ಮಳೆ ಹಿಡಿದು ಸಸಿ ವ್ಯಾಪಾರ ಏರುವ ಮೊದಲು ಅದು ಮುಗಿಯಬೇಕಿತ್ತು. ಕೊಪ್ಪದ ಅಗ್ಗದ್ದೊಂದು, ಮೈಸೂರಿನಿಂದ ತರಿಸಿದ ಗಟ್ಟಿ ಲಾಕಿನದೊಂದು, ಎರಡು ಹೊಸ ಚಾಕುಗಳು ಬಂದವು.

ಪೂಜೆ

ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದು ನೋಡುತ್ತೇನೆ, ಕೊಪ್ಪದ ಚಾಕು ಆಗಲೇ ಗೊಬ್ಬರದ ಚೀಲ ಬಿಚ್ಚುತ್ತಿದೆ. ಮೈಸೂರಿನದ್ದು ಕಾಣಲಿಲ್ಲ. ಹುಡುಕಿದರೆ ದೇವರ ಪಟದ ಮುಂದೆ, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಮೇಲೊಂದು ದಾಸವಾಳ ಇಟ್ಟುಕೊಂಡು ಮಲಗಿತ್ತು.

"ಇದೇನಯ್ಯ?"

"ವಸ್ತು ಹೊಸದಲ್ವಾ ಭಾವ. ಬೆಲೆಬಾಳೋದು."

"ಅದೂ ಹೊಸದೇ. ಅದಕ್ಕೇಕೆ ಪೂಜೆಯಿಲ್ಲ?"

"ಅದಕ್ಕಾ?" ಎಂದು ನಕ್ಕ.

"ಸರಿ, ಪೂಜೆ ಆಯಿತಲ್ಲ. ಈಗಲಾದರೂ ಕೆಲಸಕ್ಕೆ ಹಚ್ಚು."

ಅವನು ನನ್ನನ್ನು ನೋಡಿದ ರೀತಿಯಲ್ಲಿ ನಿಜವಾದ ನೋವಿತ್ತು. "ಪೂಜೆ ಮಾಡಿದ್ಮೇಲೆ ಗೊಬ್ಬರದ ಮೂಟೆ ಕುಯ್ಸೋದಾ ಭಾವ?"

ಎರವಲು

ಶೆಡ್ಡಿನಲ್ಲಿ ಇದು ನಡೆಯುವುದಿಲ್ಲ ಎಂದು ಎರಡನ್ನೂ ನಮ್ಮ ಟೆಂಪೋ ಡ್ರೈವರಿಗೆ ಕೊಟ್ಟೆ. ಅವನು ತೆಂಗಿನ ಸಸಿ ತುಂಬಿಕೊಂಡು ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರಕ್ಕೆ ಹೊರಟಿದ್ದ. ಎಡಜೇಬಿಗೆ ಒಂದು, ಬಲಜೇಬಿಗೆ ಒಂದು. "ಹಗ್ಗ ಕೊಯ್ಯುವಾಗ ಒಮ್ಮೆ ಇದು, ಒಮ್ಮೆ ಅದು. ತಿಳಿಯಿತೇ?"

"ಆಯ್ತು ಸಾ."

ಸಂಜೆ ವಾಪಸು ಬಂದ. ಮೈಸೂರಿನ ಚಾಕು ಕರ್ಚೀಫಿನಲ್ಲಿ ಸುತ್ತಿಕೊಂಡು ಹಾಗೇ ಇತ್ತು. ವಿಚಿತ್ರವೆಂದರೆ ಕೊಪ್ಪದ್ದರ ಮೇಲೂ ಹಗ್ಗದ ಒಂದು ನಾರಿರಲಿಲ್ಲ.

"ಹಗ್ಗ ಯಾವುದರಲ್ಲಿ ಕೊಯ್ದೆ?"

"ಕೊಪ್ಪದ್ದು ಮೊಂಡಾಗ್ಬುಟ್ಟದೆ ಸಾ, ಹಗ್ಗ ಕುಯ್ನಿಲ್ಲ. ಒಸಾದು ಮೊಂಡಾಗ್ಬಾರ್ದಲ್ವಾ? ಅದ್ಕೆ ತೋಟದ ಗೌಡ್ರ ತಾವ ಕುಡ್ಲು ಇಸ್ಕಂಡೆ."

ಎರಡು ಜೇಬಿನಲ್ಲಿ ಎರಡು ಚಾಕು ಇಟ್ಟುಕೊಂಡು ಕುಡುಗೋಲು ಎರವಲು ಪಡೆದವನನ್ನು ನಾನು ಅದೇ ಮೊದಲು ನೋಡಿದ್ದು. "ಗೌಡರು ಏನೂ ಅನ್ನಲಿಲ್ಲವೇ?"

"ಅಂದ್ರು ಸಾ. 'ನಿಮ್ ಓನರ್ರು ಒಂದು ಚಾಕು ಕೊಡ್ಸಕಾಗಲ್ವೇನ್ಲಾ, ಅಷ್ಟು ಕಷ್ಟದಲ್ಲವ್ರಾ?' ಅಂದ್ರು."

ಪಕ್ಷಪಾತ

ನಮ್ಮವರಿಗೆ ಮೈಸೂರಿನ ಚಾಕುವಿನ ಬೆಲೆ ಗೊತ್ತು, ಅದೇ ತೊಂದರೆ ಎನ್ನಿಸಿತು. ಬೆಲೆ ಗೊತ್ತಿಲ್ಲದವರ ಕೈಗೆ ಕೊಡಬೇಕು. ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೆಳೆಯುವ ಹಿರಿಯರೊಬ್ಬರು ನಮ್ಮ ಹಳೆಯ ಗಿರಾಕಿ. ಆಗ ಸಸಿಮಡಿಗೆ ನೆರಳುಬಲೆ ಕಟ್ಟಿಸುತ್ತಿದ್ದರು. ಬೆಲೆ ಹೇಳದೆ ಎರಡನ್ನೂ ಕೊಟ್ಟು, ಸಮವಾಗಿ ಬಳಸಿ ನೋಡಿ ಎಂದೆ.

ವಾರದ ನಂತರ ಹೋದಾಗ ಮೈಸೂರಿನದ್ದು ಸುಮಾರಾಗಿ ಕೊಯ್ಯುತ್ತಿತ್ತು. ಕೊಪ್ಪದ್ದನ್ನು ಬಲೆಗೆ ತಾಗಿಸಿದರೆ ಸಾಕು, ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ನನ್ನ ನಂಬಿಕೆಯೇ ಅಲುಗಿತು.

"ಎರಡನ್ನೂ ಸಮವಾಗಿ ಬಳಸಿದಿರಾ?"

"ಬಳ್ಸೋದು ಸಮವಾಗೇ ಬಳ್ಸಿವ್ನಿ. ಆದ್ರೆ ಇದು ಬಡವಾಗಿತ್ತು ಕಣ್ರೀ. ಸಂಜೆ ಸಂಜೆ ಕಲ್ಮೇಲೆ ಮಸೆದ್ಕೊಟ್ಟೆ."

"ಹಾಗೆ ಮಾಡಬಾರದಿತ್ತು. ಇದು ಪರೀಕ್ಷೆ."

ಅವರು ನನ್ನನ್ನೇ ಸಮಾಧಾನ ಮಾಡುವವರಂತೆ ಭುಜ ತಟ್ಟಿದರು. "ಬುಡಿ ಸ್ವಾಮಿ. ಅದ್ರ ಪರವಾಗಿ ನೀವಂತೂ ಇಲ್ಲ. ಯಾರಾರ ಒಬ್ರು ಇರ್ಬೇಕಲ್ಲ."

ಅಲ್ಲಿಂದ ವಾಪಸು ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ನಮ್ಮ ಮನೆಗಳಲ್ಲಿ ಒಳ್ಳೆಯ ತಟ್ಟೆ ಬೀರುವಿನಲ್ಲಿರುತ್ತದೆ, ಊಟ ಸೊಟ್ಟ ತಟ್ಟೆಯಲ್ಲಿ ನಡೆಯುತ್ತದೆ. ಹೊಸ ಸೋಫಾದ ಮೇಲಿನ ಪ್ಲಾಸ್ಟಿಕ್ ಹೊದಿಕೆ, ಸೋಫಾ ಹಳೆಯದಾದರೂ ಹೋಗುವುದಿಲ್ಲ. ಅಗ್ಗದ್ದನ್ನು ದುಡಿಸಿಕೊಳ್ಳುತ್ತೇವೆ, ದುಬಾರಿಯದ್ದನ್ನು ಕಾಯುತ್ತೇವೆ. ಆಮೇಲೆ ಅಗ್ಗದ್ದು ಎಷ್ಟೊಂದು ದುಡಿಯುತ್ತದೆ ಎಂದು ಹೊಗಳುತ್ತೇವೆ. ಇದು ಚಾಕು, ತಟ್ಟೆಗಳಿಗೇ ನಿಂತಿದ್ದರೆ ನಕ್ಕುಬಿಡಬಹುದಿತ್ತು.

ಅಂಗಡಿಯವನ ಕೈ

ಮಾರುವವನನ್ನೇ ಕೇಳೋಣವೆಂದು ಕೊಪ್ಪಕ್ಕೆ ಹೋದೆ. ಅಂಗಡಿಯವನು ಅಗ್ಗದ ಚಾಕುವನ್ನು ಹೊಗಳಿದ್ದೇ ಹೊಗಳಿದ್ದು. ಅಷ್ಟರಲ್ಲಿ ಹೊಸ ಮಾಲಿನ ಪೆಟ್ಟಿಗೆಯೊಂದು ಬಂತು, ಸುತ್ತಲೂ ಪ್ಲಾಸ್ಟಿಕ್ ಪಟ್ಟಿ ಬಿಗಿದಿದ್ದರು. ಕಣ್ಣೆದುರಿಗೇ ಬುಟ್ಟಿ ತುಂಬ ಚಾಕು ಇದ್ದರೂ ಅವನು ಗಲ್ಲಾ ಪೆಟ್ಟಿಗೆ ಎಳೆದು ಬೇರೊಂದನ್ನು ತೆಗೆದ. ನೋಡಿದರೆ ನಮ್ಮ ಮೈಸೂರಿನ ಚಾಕುವಿನ ತದ್ರೂಪ.

"ಈ ಬುಟ್ಟಿಯಲ್ಲಿರುವುದರಿಂದಲೇ ಕೊಯ್ಯಬಹುದಿತ್ತಲ್ಲ?"

ಅವನು ಸಂಕೋಚವಿಲ್ಲದೆ ಪಟ್ಟಿ ಕತ್ತರಿಸುತ್ತ ಹೇಳಿದ, "ಕುಯ್ಬೋದಿತ್ತು ಸಾರ್. ಆದ್ರೆ ನಂಗೆ ದಿನಾ ಕೆಲ್ಸ ಇರ್ತದಲ್ಲ, ಬೆರಳು ಬೇಕು."

ಪೈಪು

ಮೊದಲ ಮಳೆ ಬಿತ್ತು. ಭಾವಮೈದ ಎಲ್ಲರನ್ನೂ ಶೆಡ್ಡಿಗೆ ಕರೆದು ಎರಡೂ ಚಾಕುಗಳನ್ನು ಮೇಜಿನ ಮೇಲಿಟ್ಟ. "ನೋಡಿ, ಕೊಪ್ಪದ್ದು ಇಷ್ಟು ದಿನ ದುಡಿದಿದೆ. ಈ ಸಲ ಯಾರ ಬೆರಳೂ ಹೋಗಿಲ್ಲ. ಅದನ್ನೇ ತರೋಣ."

"ಇನ್ನೊಂದು ದುಡಿದೇ ಇಲ್ಲ. ಇದು ಪರೀಕ್ಷೆಯೇ ಅಲ್ಲ," ಎಂದೆ.

"ಹಂಗಂದ್ರೆ ಅದು ಸೋತಂಗೇ ಅಲ್ವಾ ಭಾವ?" ಎಂದ. 

ಅಕ್ಕ ಹಿಂದಿನಿಂದ ಎದ್ದು ಬಂದರು. ಕೊಪ್ಪದ ಚಾಕು ಬಿಡಿಸಿ, ಬೆರಳುಗಳನ್ನು ಹಿಂದಕ್ಕೆ ಸರಿಸಿ, ಹಿಡಿಯ ತುದಿಯನ್ನಷ್ಟೇ ಹಿಡಿದು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಬಡಿದರು. ಕಟಕ್. ಅಲಗು ಮಡಚಿಕೊಂಡಿತು, ಹೋದ ವರ್ಷ ಅವರ ಬೆರಳಿದ್ದ ಜಾಗಕ್ಕೇ. ಆಮೇಲೆ ಮೈಸೂರಿನದ್ದನ್ನು ಎತ್ತಿಕೊಂಡರು.

"ಅಕ್ಕಾ! ಅದು ಬ್ಯಾಡ! ಹಾಳಾಗೋಯ್ತದೆ!" ಎಂದು ಭಾವಮೈದ ಕುರ್ಚಿಯಿಂದ ಎದ್ದೇಬಿಟ್ಟ.

ಅಕ್ಕ ಎತ್ತಿದ ಕೈ ಹಾಗೇ ಹಿಡಿದು ಕೇಳಿದರು: "ನನ್ ಬೆರಳು ಹಾಳಾದಾಗ ಇಂಗೆ ಕೂಗ್ನಿಲ್ವಲ್ಲ ಸಣ್ ಯಜಮಾನ್ರೇ ನೀವು?"

ಶೆಡ್ಡಿನಲ್ಲಿ ನಕ್ಕವರೂ ಇದ್ದರು, ನೆಲ ನೋಡಿದವರೂ ಇದ್ದರು. ಅಕ್ಕ ಬಡಿದರು. ಅಷ್ಟೇ ಜೋರಾಗಿ, ಅದೇ ಅಂಚಿಗೆ. ಅಲಗು ಅಲುಗಲಿಲ್ಲ.

ಭಾವಮೈದ ಬೆವರು ಒರೆಸಿಕೊಂಡ. ಅವನು ಕೆಟ್ಟವನಲ್ಲ, ಎಲ್ಲವನ್ನೂ ಅರ್ಧಕ್ಕೆ ಇಳಿಸಿ ಮುಗಿಸುವುದು ಅವನ ವ್ಯಾಪಾರದ ರೂಢಿ. "ಸರಿ ಅಕ್ಕ. ನೀವು ಗೆದ್ರಿ. ಈ ಒಳ್ಳೇದನ್ನ ನೀವೇ ಇಟ್ಕೊಳಿ. ಮಿಕ್ಕೋರಿಗೆ ಕೊಪ್ಪದ್ದು ಸಾಕು."

ಎಲ್ಲರ ಕಣ್ಣೂ ಅಕ್ಕನ ಕೈಯಲ್ಲಿದ್ದ ಚಾಕುವಿನ ಮೇಲೆ. ಇಟ್ಟುಕೊಂಡಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಅಕ್ಕ ಅದನ್ನು ಮಡಚಿ ಮೇಜಿನ ಮೇಲಿಟ್ಟರು. ಕೊಪ್ಪದ್ದನ್ನು ಮತ್ತೆ ಬಿಡಿಸಿ ಭಾವಮೈದನ ಮುಂದೆ ಇಟ್ಟರು. ಮೂಲೆಯಲ್ಲಿದ್ದ ಸುರುಳಿಯಿಂದ ದಪ್ಪ ಪೈಪಿನ ತುದಿ ಎಳೆದು ತಂದು, ಎರಡೂ ಕೈಯಲ್ಲಿ ಬಿಗಿಯಾಗಿ ಅವನೆದುರು ಹಿಡಿದು ನಿಂತರು.

"ಸಾಕು ಅಂದ್ರಲ್ಲ. ಎಲ್ಲಿ, ಒಂದ್ ಕಿತ ನೀವ್ ಕುಯ್ದು ತೋರ್ಸಿ. ಆಮೇಕೆ ಎಲ್ರೂ ಅದನ್ನೇ ಇಸ್ಕತೀವಿ."

ಭಾವಮೈದ ಪೈಪನ್ನು ನೋಡಿದ. ಚಾಕುವನ್ನು ನೋಡಿದ. ತನ್ನ ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡ. ಕೊನೆಗೆ ನನ್ನ ಕಡೆ ತಿರುಗಿದ.

"ಭಾವ, ಆ ಮೈಸೂರು ಅಂಗಡಿಯೋರ ನಂಬರ್ ಐತಾ?"

ಕೊಟ್ಟೆ. ಫೋನು ಹಚ್ಚಿದ. ರಿಂಗಾಗುತ್ತಲೇ ಇತ್ತು, ಆ ಕಡೆಯವರು ಬೇಗ ಎತ್ತಲಿಲ್ಲ. ಅವನು ಕಣ್ಣಿನಲ್ಲೇ ಅಕ್ಕನಿಗೆ 'ಇನ್ನು ಪೈಪು ಇಳಿಸಿ' ಎಂದ. ಅಂಗಡಿಯವನು ಹಲೋ ಎಂದು, ಇವನು ಬಾಯಿಬಿಟ್ಟು ಎಲ್ಲರಿಗೂ ಒಂದೊಂದು ಚಾಕು ಬೇಕೆಂದು ಹೇಳಿ ಮುಗಿಸುವವರೆಗೂ ಅಕ್ಕ ಆ ಪೈಪನ್ನು ಕೆಳಗಿಳಿಸಲಿಲ್ಲ.