ಮನೆ ನೋಡಲು ಹೋದಾಗ ಗೋಡೆ ತಟ್ಟುವ ಕುರಿತು

ಸಂಖ್ಯೆ: ಮೊಮಖ/ಗೋತ/ಮಾವ/ಮರುಪರಿಶೀಲನೆ
ದಿನಾಂಕ: ಕಡತದಲ್ಲಿರುವಂತೆ

ವಿಷಯ: ಮೊದಲ ಬಾರಿಗೆ ಮನೆ ಖರೀದಿಸುವವರ ಜೊತೆಗೆ ಬರುವ ‘ಎಲ್ಲ ತಿಳಿದವರು’ ಗೋಡೆ ತಟ್ಟುವುದನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ: 1) ನಲ್ಲಿ ತಿರುಗಿಸಿ ನೀರನ್ನು ಮೊದಲ ಸಲ ಕಂಡವರಂತೆ ನೋಡುವುದರ ಕುರಿತು ಹೊರಡಿಸಿದ ಹಿಂದಿನ ಸುತ್ತೋಲೆ (ಯಾರೂ ಪಾಲಿಸಿಲ್ಲ).
2) ಮನೆ ದಲ್ಲಾಳಿಯೊಬ್ಬರು ಕಣ್ಣೀರು ಹಾಕಿಕೊಂಡು ನೀಡಿದ ಮೌಖಿಕ ದೂರು.

ಮನೆ ನೋಡಲು ಹೋಗುವವರು ಜೊತೆಗೆ ಹಿರಿಯರೊಬ್ಬರನ್ನು ಕರೆದೊಯ್ಯುವುದೂ, ಸದರಿ ಹಿರಿಯರು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ, ಕಿವಿಗೊಟ್ಟು ಕೇಳಿ, “ಹ್ಞೂಂ” ಎನ್ನುವುದೂ ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಆ ಒಂದು “ಹ್ಞೂಂ”ಗೆ ಎಷ್ಟೋ ಖರೀದಿಗಳು ಮುರಿದುಬಿದ್ದಿರುತ್ತವೆ. ಆದ್ದರಿಂದ ಈ ಕೆಳಕಂಡ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಈ ಮೂಲಕ ತಿಳಿಯಪಡಿಸಲಾಗಿದೆ.

1. ಒಂದು ಕುಟುಂಬಕ್ಕೆ ಒಬ್ಬರೇ ತಟ್ಟತಕ್ಕದ್ದು. ಉಳಿದವರು ಕೈ ಹಿಂದೆ ಕಟ್ಟಿಕೊಂಡು ಚಾವಣಿ ನೋಡಬಹುದು.

2. ತಟ್ಟಿದಾಗ ಗೋಡೆಯಾಚೆಯಿಂದ “ಯಾರು?” ಎಂಬ ಧ್ವನಿ ಬಂದರೆ, ಅದನ್ನು ಗೋಡೆಯ ಹೇಳಿಕೆ ಎಂದು ಪರಿಗಣಿಸತಕ್ಕದ್ದಲ್ಲ.

3. ಗಟ್ಟಿ ಯಾವುದು, ಟೊಳ್ಳು ಯಾವುದು ಎಂದು ಹೋಲಿಸಿ ನೋಡುವ ಸಲುವಾಗಿ ಪಕ್ಕದಲ್ಲಿ ನಿಂತ ಅಳಿಯನ ತಲೆಯನ್ನು ತಟ್ಟುವುದನ್ನು ನಿಷೇಧಿಸಲಾಗಿದೆ. ಫಲಿತಾಂಶ ಏನೇ ಬಂದರೂ ಮನಸ್ತಾಪ ಖಚಿತ.

4. “ನೆಲ ಡೊಂಕು” ಎಂದು ಆಕ್ಷೇಪಿಸುವವರು ತಮಗೆ ಕುಣಿಯಲು ಬರುತ್ತದೆಂಬ ದೃಢೀಕರಣ ಪತ್ರವನ್ನು ಲಗತ್ತಿಸತಕ್ಕದ್ದು. ಅಗತ್ಯಬಿದ್ದರೆ ಸ್ಥಳದಲ್ಲೇ ಕುಣಿಸಿ ನೋಡಲಾಗುವುದು.

5. ಬಚ್ಚಲಿನ ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ ಎಂದು ಪರೀಕ್ಷಿಸುವಾಗ ಒಬ್ಬರು ಒಳಗಿರತಕ್ಕದ್ದು. ಬಾಗಿಲು ಮತ್ತೆ ತೆರೆಯದೇ ಹೋಗಬಹುದಾದ್ದರಿಂದ ಖರೀದಿದಾರರ ಕಡೆಯವರೇ ಒಳಗಿರುವುದು ಲೇಸು. ಕಳೆದ ಬಾರಿ ದಲ್ಲಾಳಿಯವರು ಒಳಗುಳಿದದ್ದೇ ಉಲ್ಲೇಖ (2)ರ ಕಣ್ಣೀರಿಗೆ ಕಾರಣವಾಗಿರುತ್ತದೆ.

6. “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಗೆ “ಮಾವನ ಜೊತೆ ಮನೆ ನೋಡಲು ಹೋಗಿ ನೋಡು” ಎಂದು ಸೇರಿಸುವ ಪ್ರಸ್ತಾವನೆ ಪರಿಶೀಲನೆಯಲ್ಲಿದೆ. ಸದ್ಯಕ್ಕೆ ಹಳೆಯ ಗಾದೆಯನ್ನೇ ಬಳಸುವುದು.

7. ಈ ಸುತ್ತೋಲೆಗೆ ಕಾರಣವಾದ ಪ್ರಕರಣ: ಬಟ್ಟೆ ಹೊಲಿಯುವ ಮಹಿಳೆ ಮತ್ತು ಲಿಫ್ಟ್ ರಿಪೇರಿ ಮಾಡುವ ಆಕೆಯ ಪತಿ, ಬಾಡಿಗೆ ಮನೆ ಖಾಲಿ ಮಾಡಬೇಕಾಗಿ ಬಂದು, ಸ್ವಂತ ಮನೆ ಹುಡುಕುತ್ತಿದ್ದರು. ಜೊತೆಗೆ ಆಕೆಯನ್ನು ಚಿಕ್ಕಂದಿನಿಂದ ಸಾಕಿದ, ಅವರೊಂದಿಗೇ ವಾಸವಿರುವ ಸೋದರಮಾವ. ಬಳಗದಲ್ಲಿ ಇವರಿಗೆ ‘ತಟ್ಟುಮಾವ’ ಎಂದೇ ಹೆಸರು. ಜೀವಮಾನದಲ್ಲಿ ಒಂದು ಮನೆಯನ್ನೂ ಕೊಳ್ಳದ ಇವರು, ತೋರಿಸಿದ ಪ್ರತಿ ಮನೆಯ ಗೋಡೆಯನ್ನೂ ತಟ್ಟಿ ಟೊಳ್ಳೆಂದು ತೀರ್ಪಿತ್ತಿರುತ್ತಾರೆ. ಆನೆ ಒರಗಿದರೂ ಅಲುಗದ ಕಲ್ಲಿನ ಗೋಡೆಗೂ ಇದೇ ತೀರ್ಪು ಬಂದಿರುತ್ತದೆ. ಬಾಡಿಗೆಯ ಗಡುವು ಮುಗಿಯುತ್ತಾ ಬಂದಿತ್ತು. ಅಳಿಯನ ತಾಳ್ಮೆ ಅದಕ್ಕೂ ಮೊದಲೇ ಮುಗಿದಿತ್ತು.

8. ಕೊನೆಯ ಮನೆಯಲ್ಲಿ ಸದರಿ ಮಹಿಳೆ, ಗೋಡೆ ತಟ್ಟಲು ಅವಕಾಶ ಕೊಡದೆ, ಹೊಲಿಗೆ ಯಂತ್ರ ಇಡಬೇಕೆಂದಿದ್ದ ಕಿಟಕಿಯ ಕೆಳಗೆ ನೆಲದ ಮೇಲೆ ಕುಳಿತುಬಿಟ್ಟರು. ಕುಳಿತವರನ್ನು ಎಬ್ಬಿಸಲು ಇಲಾಖೆಯಲ್ಲಿ ನಿಯಮವಿಲ್ಲ. ಬಳಿಕ ಅವರು ಹೇಳಿದ್ದನ್ನು ದಲ್ಲಾಳಿಯವರ ಹೇಳಿಕೆಯಂತೆ ಯಥಾವತ್ತಾಗಿ ದಾಖಲಿಸಲಾಗಿದೆ: “ಮಾವ, ಮೆಟ್ಟಿಲ ಪಕ್ಕದ ಚಿಕ್ಕ ರೂಮು ನಿಮಗೆ. ಅದನ್ನ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ನೀವು ಬರಲ್ಲ ಅಂದ್ರೆ ಈ ಮನೆ ನನಗೂ ಬೇಡ.”

9. ತಟ್ಟುಮಾವನವರು ಆ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಬಹಳ ಹೊತ್ತು ಒಳಗಿದ್ದರು. ಹೊರಬಂದಾಗ ಕಣ್ಣು ಕೆಂಪಾಗಿತ್ತು. ಸುಣ್ಣದ ಧೂಳು ಎಂದು ಕಾರಣ ನೀಡಿರುತ್ತಾರೆ. ನಂತರ ಅದೇ ಕೋಣೆಯ ಗೋಡೆಯನ್ನು ಒಂದು ಸಲ ಮೆಲ್ಲಗೆ ತಟ್ಟಿ, “ಗಟ್ಟಿಯಾಗಿದೆ, ತಗೊಳ್ಳಿ” ಎಂದಿರುತ್ತಾರೆ.

10. ಇಲಾಖೆಯು ಮನೆಯನ್ನು ಪರಿಶೀಲಿಸಲಾಗಿ, ಉಳಿದೆಲ್ಲ ಗೋಡೆಗಳು ಭದ್ರವಾಗಿದ್ದು, ಸದರಿ ಕೋಣೆಯ ಗೋಡೆ ಮಾತ್ರ ಹಲಗೆಯ ಮೇಲೆ ಬಣ್ಣ ಬಳಿದದ್ದು ಎಂದು ಕಂಡುಬಂದಿದೆ. ಈ ವಿಷಯವನ್ನು ಸಂಬಂಧಪಟ್ಟವರಿಗೆ ತಿಳಿಸುವ ಅಗತ್ಯವಿಲ್ಲವೆಂದು ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು.

11. ಆದ್ದರಿಂದ ಇನ್ನು ಮುಂದೆ, ಹಿರಿಯರು ಗೋಡೆಗೆ ಕೈ ಇಡುವ ಮುನ್ನ ಅವರ ಕೋಣೆ ಯಾವುದೆಂದು ತೋರಿಸುವುದನ್ನು ಕಡ್ಡಾಯಗೊಳಿಸಲಾಗಿದೆ. ತಪ್ಪಿದಲ್ಲಿ ಜಗತ್ತಿನ ಸಕಲ ಗೋಡೆಗಳೂ ಟೊಳ್ಳಾಗುವ ಸಂಭವವಿರುತ್ತದೆ.

ಸಹಿ/-
ಅಧೀಕ್ಷಕರು (ಪ್ರಭಾರ)
ಗೋಡೆ, ನೆಲ ಮತ್ತು ನಲ್ಲಿ ವಿಭಾಗ
(ಬಾಡಿಗೆ ಕಟ್ಟಡದಿಂದ)

ಪ್ರತಿಗಳು:
1. ಎಲ್ಲ ಮನೆ ದಲ್ಲಾಳಿಗಳಿಗೆ: ಸಮಾಧಾನಕ್ಕಾಗಿ.
2. ಎಲ್ಲ ಅಳಿಯಂದಿರಿಗೆ: ತಲೆ ಕಾಪಾಡಿಕೊಳ್ಳಲು.
3. ಗೋಡೆಯಾಚೆಯ ನಿವಾಸಿಗಳಿಗೆ: ಉತ್ತರಿಸದೆ ಸುಮ್ಮನಿರಲು.
4. ತಟ್ಟುಮಾವನವರಿಗೆ, ಮೆಟ್ಟಿಲ ಪಕ್ಕದ ಚಿಕ್ಕ ಕೋಣೆ: 10ನೇ ನಿಯಮವನ್ನು ಕತ್ತರಿಸಿ ತೆಗೆದ ಪ್ರತಿ. ತಲುಪಿಸುವ ಸಿಬ್ಬಂದಿ ಬಾಗಿಲನ್ನು ಮಾತ್ರ ತಟ್ಟುವುದು. ಗೋಡೆ ತಡೆಯುವುದಿಲ್ಲ.