ನೀರಿನ ಮೇಲಿನ ಬಾಲ್ಕನಿ

ತಾಡಪತ್ರಿ, ಅಂದರೆ ಟರ್ಪಾಲು, ಹೊಲಿಯುವವನ ಬದುಕಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಮಳೆ ಬೀಳುವ ತನಕ ನಮ್ಮ ನೆನಪು ಯಾರಿಗೂ ಆಗುವುದಿಲ್ಲ, ಬಿದ್ದ ಮೇಲೆ ಎಲ್ಲರಿಗೂ ಕೆಲಸ ನಿನ್ನೆಯೇ ಆಗಿರಬೇಕು. ಇಷ್ಟು ಅವಸರದಲ್ಲಿ ಎಡವಟ್ಟಾಗದೆ ಇನ್ನೇನಾದೀತು?

ಡೊಂಬಿವಲಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ರಿಕ್ಷಾದ ಹುಡ್, ಟೆಂಪೊದ ಹೊದಿಕೆ, ಅಪಾರ್ಟ್‌ಮೆಂಟ್ ಸೊಸೈಟಿಗಳ ಬಾಲ್ಕನಿಗೆ ಮಳೆಗಾಲದ ಪರದೆ, ಇವೇ ನಮ್ಮ ಕೆಲಸ. ಅಳತೆ ತೆಗೆಯುವುದು ಮತ್ತು ಗಿರಾಕಿಯ ಹತ್ತಿರ ಮಾತಾಡುವುದು ನನ್ನ ಪಾಲು. ಕತ್ತರಿಸಿ ಹೊಲಿಯುವುದು ಬಿಜಾಪುರ ಕಡೆಯ ನಮ್ಮ ಕಾರೀಗರನ ಪಾಲು. ನಾನು ಉಡುಪಿ ಕಡೆಯವನು, ಬೇಗ ಸಿಟ್ಟು ಬರುತ್ತದೆ. ಅವನಿಗೆ ಸಿಟ್ಟೇ ಬರುವುದಿಲ್ಲ. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಇಬ್ಬರೂ ಸೇರಿ ಎಷ್ಟೋ ಚಾವಣಿ ಹೊದಿಸಿದ್ದೇವೆ, ಆದರೆ ಆ ಹಾಯಿದೋಣಿಯ ಕೆಲಸದಷ್ಟು ಯಾವುದೂ ನಮ್ಮನ್ನು ಕಾಡಲಿಲ್ಲ.

ಶರತ್ತು

ಠಾಣೆಯಿಂದ ನವಿಮುಂಬಯಿ ಕಡೆಗೆ ಲೋಕಲ್ ಶುರುವಾಗಿ ಕೆಲವು ವರ್ಷ ಆಗಿದ್ದ ಕಾಲ. ಜೂನ್ ತಿಂಗಳು ಬಾಗಿಲಲ್ಲಿ ನಿಂತಿತ್ತು. ಗಂಡ ಹೆಂಡತಿ ಇಬ್ಬರು ಅಂಗಡಿಗೆ ಬಂದರು. ಗಂಡ ಸರಕು ಹಡಗಿನಲ್ಲಿ ಕಪ್ತಾನರಾಗಿದ್ದು ನಿವೃತ್ತರಾದವರು. ಊರು ನಮ್ಮ ಮಲ್ಪೆಯ ಹತ್ತಿರವೇ. ಠಾಣೆಯಲ್ಲಿ ಅವರ ಮನೆಯ ಬಾಲ್ಕನಿಗೆ ಪರದೆ ಹಾಕಿದ್ದು ನಾವೇ. ನಿವೃತ್ತಿಯ ಮೇಲೆ ಅವರೊಂದು ಹಳೆಯ ಹಾಯಿದೋಣಿ ಕೊಂಡು ಬೇಲಾಪುರದ ಖಾಡಿಯಲ್ಲಿ, ಎಂದರೆ ಕಡಲಿನ ಹಿನ್ನೀರಿನಲ್ಲಿ, ಕಟ್ಟಿ ಹಾಕಿದ್ದರು. ಮಳೆಗಾಲ ಮುಗಿದ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಕಡಲ ದಾರಿಯಲ್ಲೇ ಮಲ್ಪೆಗೆ ಹೋಗಬೇಕೆಂಬುದು ಅವರ ಬಹುದಿನದ ಆಸೆ.

ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಮೊದಲ ಸಲ ಅಕ್ಕನನ್ನು ಅಲಿಬಾಗಿನ ತನಕ ಕರೆದುಕೊಂಡು ಹೋದಾಗ ಅಲೆಯೊಂದು ಹಾರಿ ಬಂದು ತಲೆಯಿಂದ ಕಾಲಿನ ತನಕ ಮೀಯಿಸಿತ್ತಂತೆ. ಹೊಸ ರೇಷ್ಮೆ ಸೀರೆ ಉಪ್ಪಿನಕಾಯಿ ಆಯಿತಂತೆ. ದೋಣಿಗೆ ರೇಷ್ಮೆ ಸೀರೆ ಯಾಕೆ ಉಟ್ಟಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

"ನೋಡಿ ಮಾರಾಯ್ರೆ," ಎಂದರು ಅಕ್ಕ, "ಚುಕ್ಕಾಣಿ ಹಿಡಿದು ಕೂರುವ ಜಾಗಕ್ಕೆ ನಮ್ಮ ಬಾಲ್ಕನಿಗೆ ಮಾಡಿದ ಹಾಗೆಯೇ ಮಾಡಿ ಕೊಡಿ. ನಾಲ್ಕೂ ಸುತ್ತು ಬಂದೋಬಸ್ತು, ನೋಡ್ಲಿಕ್ಕೆ ಪಾರದರ್ಶಕ ಕಿಟಕಿ, ಹೋಗಿ ಬರ್ಲಿಕ್ಕೆ ಜಿಪ್ಪು. ನನ್ನ ಮೇಲೆ ಒಂದೇ ಒಂದು ಹನಿ ಬಿದ್ರೆ ದೋಣಿ ಮಾರುವುದು. ಇವರು ಒಪ್ಪಿ ಆಗಿದೆ."

ಕಪ್ತಾನರು ಒಪ್ಪಿದವರ ಹಾಗೆ ಕಾಣಲಿಲ್ಲ. ಹೆಂಡತಿ ಬಟ್ಟೆಯ ಬಣ್ಣ ನೋಡಲು ಒಳಗೆ ಹೋದಾಗ ನನ್ನ ಕೈ ಹಿಡಿದು, "ನನ್ನ ದೋಣಿ ಈಗ ನಿಮ್ಮ ಕೈಯಲ್ಲಿ ಉಂಟು," ಎಂದರು. ದೊಡ್ಡ ದೊಡ್ಡ ಹಡಗು ನಡೆಸಿದ ಮನುಷ್ಯನ ಕಣ್ಣು ಒದ್ದೆಯಾಗಿತ್ತು.

ಕಾರೀಗರ ಮಾತ್ರ ನಿಶ್ಚಿಂತೆಯಿಂದ ಕೇಳಿದ: "ಸಾಹೇಬ್ರ, ಹೆಡ್‌ಲೈಟ್ ಎಲ್ಲಿ ಬರ್ತದ್ರಿ? ಅಷ್ಟು ಜಾಗಾ ಬಿಟ್ಟು ಹೊಲೀತೀನಿ."

ನೆಟ್ಟಗಿನ ಅಳತೆ

ಕಾರೀಗರನಿಗೆ ನೀರೆಂದರೆ ಜೀವಭಯ. ಕಳವಾ ಊರಿನ ಖಾಡಿ ಸೇತುವೆಯ ಮೇಲೆ ಲೋಕಲ್ ಓಡುವಾಗಲೂ ಕಣ್ಣು ಮುಚ್ಚಿ ಕೂರುವ ಪೈಕಿ. ಅವನನ್ನು ದೋಣಿಗೆ ಹತ್ತಿಸುವುದು ಹೇಗೆಂದು ನನಗೆ ಚಿಂತೆಯಾಗಿತ್ತು. ಆದರೆ ನಾವು ಅಳತೆಗೆ ಹೋದ ಹೊತ್ತಿಗೆ ಇಳಿತವಿತ್ತು. ಖಾಡಿಯ ನೀರೆಲ್ಲ ಹಿಂದೆ ಸರಿದು, ದೋಣಿ ಕೆಸರಿನಲ್ಲಿ ಕೂತಿತ್ತು. ಹಲಗೆ ಹಾಸಿದ್ದರಿಂದ ನಡೆದೇ ಹತ್ತಿದೆವು.

"ಅಣ್ಣಾರ, ನೀರಽ ಇಲ್ಲ! ಪಾಡ ಆತು ನೋಡ್ರಿ," ಎಂದು ಅವನು ಕುಣಿದಾಡಿದ.

ಕಪ್ತಾನರು ಬೀಗ ತೆಗೆದುಕೊಟ್ಟು ಊಟಕ್ಕೆ ಹೋದರು. ಸ್ಟೀಲು ಪೈಪುಗಳ ಚೌಕಟ್ಟು ಮೊದಲೇ ಇತ್ತು. ಪರದೆಯ ಹೊರ ಅಂಚನ್ನು ಪೈಪಿನ ಪ್ರಕಾರ ಅಳೆದುಕೊಂಡೆವು. ಉಳಿದದ್ದು ಕಿಟಕಿಗಳು. ಸೊಸೈಟಿಯ ಬಾಲ್ಕನಿಗಳಲ್ಲಿ ನಾನು ಬಿಲ್ಡರನ ಗೋಡೆಯನ್ನು ನಂಬುವವನಲ್ಲ. ಗವಂಡಿಗಳ ತೂಗುಗುಂಡು ಇಳಿಬಿಟ್ಟು, ನೀರು ತುಂಬಿದ ಸಣ್ಣ ನಳಿಗೆಯಲ್ಲಿ ಮಟ್ಟ ನೋಡಿಯೇ ಗೆರೆ ಎಳೆಯುವುದು. ಗೋಡೆ ವಾಲಿದ್ದರೂ ನನ್ನ ಕಿಟಕಿ ನೆಟ್ಟಗಿರುತ್ತದೆ, ಅದು ನನ್ನ ಹೆಮ್ಮೆ. ಇಲ್ಲಿಯೂ ಹಾಗೆಯೇ ಮಾಡಿದೆ. ದೋಣಿಯ ಪೈಪುಗಳೆಲ್ಲ ಒಂದು ಬದಿಗೆ ವಾಲಿದ್ದು ಕಂಡು, ಈ ದೋಣಿ ಕಟ್ಟಿದವನಿಗೆ ನಾಚಿಕೆಯಾಗಬೇಕು ಎಂದು ಬೈದುಕೊಂಡೆ.

ವಾಪಸು ಹೋಗುವಾಗ ಕಪ್ತಾನರು ಎದುರಾದರು. "ಅಳತೆ ಸರಿ ಆಯ್ತಾ?" ಎಂದು ಕೇಳಿದರು.

"ನಿಮ್ಮ ದೋಣಿಯಲ್ಲಿ ಒಂದೂ ಪೈಪು ನೆಟ್ಟಗಿಲ್ಲ ಸಾರ್," ಎಂದೆ. "ಹೆದರಬೇಡಿ, ನಾನು ಸರಿ ಮಾಡಿದ್ದೇನೆ."

ಲಗೇಜ್ ಡಬ್ಬಿ

ಹೊಲಿಗೆ ಮುಗಿಯುವಾಗ ಮಳೆ ಹಿಡಿದಿತ್ತು. ಶಿಳ್ ರಸ್ತೆಯಲ್ಲಿ ನೀರು ನಿಂತು ಟೆಂಪೊದವನು ಬರುವುದಿಲ್ಲ ಎಂದ. ಪರದೆಗಳನ್ನು ಸುರುಳಿ ಸುತ್ತಿ ಹೊತ್ತುಕೊಂಡು ಲೋಕಲಿನ ಲಗೇಜ್ ಡಬ್ಬಿ ಹತ್ತಿದೆವು. ನನ್ನ ಜೀವವೆಲ್ಲ ಆ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ. ಒಂದು ಗೀರು ಬಿದ್ದರೆ ಕಿಟಕಿ ಮಂಜಾಗುತ್ತದೆ. ಮೀನಿನ ಬುಟ್ಟಿ, ತರಕಾರಿ ಮೂಟೆ ಎಲ್ಲವನ್ನೂ "ಭಾವೂ, ಸಂಭಾಳ್ಕೆ" ಎನ್ನುತ್ತಾ ದೂರ ಇಟ್ಟೆ.

ಡಬ್ಬಿಯಲ್ಲಿ ಇಸ್ಪೀಟು ಆಡುವ ಒಂದು ಗುಂಪಿತ್ತು. ನಿತ್ಯದ ಪ್ರಯಾಣಿಕರು, ಎದುರುಬದುರು ಕೂತು ಮೊಣಕಾಲ ಮೇಲೆ ಏನಾದರೂ ಹಾಸಿಕೊಂಡು ಆಡುವವರು. ಅವರ ಪೇಪರು ಅವತ್ತು ಮಳೆಗೆ ನೆನೆದು ಹರಿದುಹೋಗಿತ್ತು. ನಾನು ಬಾಗಿಲ ಕಡೆ ನೋಡುತ್ತಿದ್ದಾಗ ಕಾರೀಗರ ಪುಣ್ಯ ಬರಲಿ ಎಂದು ಒಂದು ಕಿಟಕಿಯ ಸುರುಳಿ ಬಿಚ್ಚಿ ಅವರ ಮೊಣಕಾಲ ಮೇಲೆ ಹಾಸಿಯೇಬಿಟ್ಟ! ನಾನು ತಿರುಗಿ ನೋಡುವಾಗ ಎಲೆ ಹಂಚಿ ಆಗಿತ್ತು. ಮೈಯೆಲ್ಲ ಉರಿಯಿತು. ಆದರೆ ಆ ನೂಕುನುಗ್ಗಲಿನಲ್ಲಿ ಎಳೆದರೆ ಗೀರು ಬೀಳುವುದು ಖಂಡಿತ. ಹಲ್ಲು ಕಚ್ಚಿ ಸುಮ್ಮನೆ ನಿಂತೆ.

ಆಟ ರಂಗೇರಿತು. ಮೀಸೆಯವನೊಬ್ಬ ತನ್ನ ಎಲೆಗಳನ್ನು ಬೋರಲು ಇಟ್ಟು, ಭಾರೀ ಗುಟ್ಟಿನ ಮುಖ ಮಾಡಿಕೊಂಡು ಕೂತಿದ್ದ. ಅವರ ಕಾಲಿನ ಬುಡದಲ್ಲಿ ಬುಟ್ಟಿ ಹಿಡಿದು ಕೂತಿದ್ದ ಮೀನು ಮಾರುವ ಮರಾಠಿ ಹೆಂಗಸು, ಎಲ್ಲರ ಮಾವಶಿ, ತಲೆಯೆತ್ತಿ ಮೇಲೆ ನೋಡಿದಳು. ಪ್ಲಾಸ್ಟಿಕ್ಕು ಗಾಜಿನ ಹಾಗೆ. ಬೋರಲು ಇಟ್ಟ ಎಲೆಗಳೆಲ್ಲ ಕೆಳಗಿನಿಂದ ಅವಳಿಗೆ ಅಂಗಾತ ಕಾಣುತ್ತಿದ್ದವು.

"ಅರೆ, ಇಸ್ಕೆ ಪಾಸ್ ತೋ ಕುಛ್ ಭೀ ನಹೀ ಹೈ!" ಎಂದು ಮಾವಶಿ, ಇವನ ಹತ್ತಿರ ಏನೇನೂ ಇಲ್ಲವೆಂದು, ಡಬ್ಬಿಗೆಲ್ಲ ಕೇಳುವ ಹಾಗೆ ಸಾರಿದಳು.

ಆಟ ಅಲ್ಲಿಗೇ ಬರಖಾಸ್ತು. ಮೀಸೆಯವನು ಪ್ಲಾಸ್ಟಿಕ್ಕನ್ನು ಮಡಿಲಿನ ಮಗುವಿನಂತೆ ಸುತ್ತಿ ನನ್ನ ಕೈಗಿತ್ತು, "ಲೇ ಜಾವ್ ಭಾಯ್, ಫಿರ್ ಮತ್ ಲಾನಾ," ಇನ್ನೊಮ್ಮೆ ತರಬೇಡ, ಎಂದ. ಒಂದೂ ಗೀರು ಬಿದ್ದಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಮಾವಶಿ ಮಾತ್ರ ನೋಡುವ ಮಜಾ ತಪ್ಪಿತೆಂಬ ಬೇಸರದಿಂದ, "ದೇಖನೇ ಮೇ ಮಜಾ ಆ ರಹಾ ಥಾ," ಎಂದಳು.

ನೀರು ಏರಿದ ಮೇಲೆ

ನಾವು ಬೇಲಾಪುರ ಮುಟ್ಟುವಾಗ ಉಬ್ಬರ. ದೋಣಿ ನೀರಿನ ಮೇಲೆ ತೇಲುತ್ತಿತ್ತು. ಅಂಬಿಗನ ಸಣ್ಣ ದೋಣಿಯಲ್ಲಿ ಕಾರೀಗರನನ್ನು ಮೂಟೆಯ ಹಾಗೆ ದಾಟಿಸಿದೆವು. ಪರದೆಗಳು ಪೈಪಿಗೆ ಕೈಗವಸಿನಂತೆ ಕೂತವು. ಗುಂಡಿ ಎಲ್ಲ ಟಕಟಕ ಬಿದ್ದವು. ನಾನು ಹೆಮ್ಮೆಯಿಂದ ಹಿಂದೆ ಸರಿದು ನೋಡಿದೆ.

ಕಿಟಕಿಗಳೆಲ್ಲ ಒಂದೇ ಕಡೆಗೆ ವಾಲಿದ್ದವು.

ನಾನು ಕಣ್ಣುಜ್ಜಿಕೊಂಡೆ. ಪೈಪುಗಳು ನೆಟ್ಟಗಿವೆ, ದೋಣಿ ನೆಟ್ಟಗಿದೆ, ನನ್ನ ಕಿಟಕಿಗಳು ಮಾತ್ರ ಕುಡಿದು ಬಂದವರಂತೆ ನಿಂತಿವೆ. ಆಗ ತಲೆಗೆ ಹೊಳೆಯಿತು. ಅವತ್ತು ವಾಲಿದ್ದು ಪೈಪಲ್ಲ, ಕೆಸರಿನಲ್ಲಿ ಕೂತಿದ್ದ ಇಡೀ ದೋಣಿ. ನನ್ನ ತೂಗುಗುಂಡು ಭೂಮಿಗೆ ಸರಿಯಾಗಿಯೇ ಇಳಿದಿತ್ತು, ದೋಣಿಗಲ್ಲ.

"ಗಾಬರಿ ಆಗಬ್ಯಾಡ್ರಿ ಅಣ್ಣಾರ," ಎಂದ ಕಾರೀಗರ. "ನೀರು ಇಳೀಲಿ, ಎಲ್ಲಾ ಬರೋಬ್ಬರಿ ಆಗ್ತದ."

ಹೆಂಡತಿ ಹತ್ತಿ ಬರುವ ಮೊದಲು ಕಪ್ತಾನರು ನೋಡಿದರು. ಬೈಯುತ್ತಾರೆಂದು ಕಾದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಬಂದು ಚುಕ್ಕಾಣಿಯ ಪಕ್ಕ ಕೂತು, ಕತ್ತನ್ನು ಒಂದು ಬದಿಗೆ ವಾಲಿಸಿ ಹೊರಗೆ ನೋಡಿದರು.

"ಇದೆಂತ ಹೀಗೆ?"

"ಹಾಯಿ ಬಿಚ್ಚಿದ ಮೇಲೆ ಗಾಳಿಗೆ ದೋಣಿ ವಾಲುವುದೇ ಅಲ್ವಾ," ಎಂದರು ಕಪ್ತಾನರು ಗಂಭೀರವಾಗಿ. "ಆಗ ನಿನಗೆ ಸಮುದ್ರ ನೆಟ್ಟಗೆ ಕಾಣಲಿ ಅಂತ ಹೀಗೆ ಮಾಡಿಸಿದ್ದು."

"ಗಾಳಿ ಆಚೆ ಕಡೆಯಿಂದ ಬಂದ್ರೆ?"

"ಆಗ ನೀನು ಆಚೆ ಕೂತುಕೋ."

ಅಕ್ಕ ನನ್ನ ಮುಖ ನೋಡಿದರು. "ವಾಲಿದ್ರೆ ವಾಲಲಿ. ನೀರು ಬರ್ತದಾ ಇಲ್ವಾ, ಅದೊಂದು ಹೇಳಿ."

ಅದನ್ನು ಹೇಳಬೇಕಾದದ್ದು ಮಳೆ.

ಪರೀಕ್ಷೆ

ಪರೀಕ್ಷೆಗೆ ಕಾಯಬೇಕಾಗಲಿಲ್ಲ. ಪಾರ್ಸಿಕ್ ಗುಡ್ಡದ ಕಡೆಯಿಂದ ಆಕಾಶ ಕಪ್ಪಗಾಗುತ್ತಾ ಬಂತು. ಎಲ್ಲಿಯೂ ಹನಿ ಬರಬಾರದೆಂದು ದೋಣಿಯ ಕೆಳಗಿನ ಕೋಣೆಯಿಂದ ಮೇಲೆ ತೆರೆಯುವ ಮುಂದಿನ ಮುಚ್ಚಳಕ್ಕೂ ನಾವು ತಾಡಪತ್ರಿ ಹೊದಿಸಿ ಹೊರಗಿನಿಂದ ಹಗ್ಗ ಬಿಗಿದಿದ್ದೆವು. ಕಪ್ತಾನರು, ಅಕ್ಕ, ನಾನು ಒಳಗೆ ಕೂತೆವು. ಅಕ್ಕ ನಡುವೆ ಎದ್ದು ಹೋದರೆ ಪರೀಕ್ಷೆ ಕೆಡುತ್ತದೆಂದು ಕಪ್ತಾನರು ಕಾರೀಗರನನ್ನು ಕರೆದು ಹುಕುಂ ಕೊಟ್ಟರು: "ಹೊರಗಿನಿಂದ ಬಂದ್ ಮಾಡು. ಮಳೆ ನಿಲ್ಲುವ ತನಕ ತೆಗೀಬೇಡ. ನಾವು ಕೂಗಿದರೂ ತೆಗೀಬೇಡ."

"ಆತ್ರಿ ಸಾಹೇಬ್ರ," ಎಂದ ಅವನು. ಜಿಪ್ಪುಗಳನ್ನೆಲ್ಲ ಎಳೆದು, ಅಂಬಿಗನ ಜೊತೆ ದಡಕ್ಕೆ ಹೋಗಿ, ಚಹಾದ ಗೂಡಂಗಡಿಯಲ್ಲಿ, ಟಪರಿಯಲ್ಲಿ, ಕೂತ.

ಮಳೆ ಸುರಿಯಿತು ನೋಡಿ! ಬಕೆಟ್ಟಿನಿಂದ ಎರಚಿದ ಹಾಗೆ. ನಾವು ಮೂವರೂ ಉಸಿರು ಬಿಗಿಹಿಡಿದು ಚಾವಣಿ ನೋಡುತ್ತಾ ಕೂತೆವು. ಹೊಲಿಗೆ ಹಿಡಿಯಿತು. ಒಂದು ಹನಿ ಇಲ್ಲ. ಕಪ್ತಾನರು ನನ್ನ ಬೆನ್ನು ತಟ್ಟಿದರು. ಆದರೆ ಸ್ವಲ್ಪ ಹೊತ್ತಿನಲ್ಲಿ ಸೆಕೆ ಶುರುವಾಯಿತು. ಹೊರಗಿನ ನೀರು ಒಳಗೆ ಬರಲಿಲ್ಲ, ಒಳಗಿನ ಬಿಸಿ ಹೊರಗೆ ಹೋಗಲಿಲ್ಲ.

"ಒಂಚೂರು ತೆಗೆಯಿರಿ," ಎಂದರು ಅಕ್ಕ.

ಕಪ್ತಾನರು ಎದ್ದು ಜಿಪ್ಪಿನ ಹಿಡಿ ಹುಡುಕಿದರು. ಹಿಡಿ ಇಲ್ಲ. ಎಲ್ಲ ಹಿಡಿಗಳೂ ಹೊರಗೆ! ನಮ್ಮ ಕಾರೀಗರ ರೂಢಿಯ ಪ್ರಕಾರ ಹೊಲಿದಿದ್ದ. ಟೆಂಪೊದ ಹೊದಿಕೆಯನ್ನು ಕಟ್ಟುವುದೂ ಬಿಚ್ಚುವುದೂ ಹೊರಗಿನಿಂದಲೇ. ಮುಂದಿನ ಮುಚ್ಚಳದ ದಾರಿಯನ್ನು ನಾವೇ ಹಗ್ಗ ಬಿಗಿದು ಮುಚ್ಚಿದ್ದೆವು. ದಡದ ಕಡೆ ಕಿರುಚಿದೆವು, ಪ್ಲಾಸ್ಟಿಕ್ಕು ಬಡಿದೆವು, ಕೈ ಬೀಸಿದೆವು. ದೂರದ ಟಪರಿಯಿಂದ ಕಾರೀಗರನೂ ಪ್ರೀತಿಯಿಂದ ಕೈ ಬೀಸಿದ. ನಾನು ಅವನ ಮೊಬೈಲಿಗೆ ಫೋನ್ ಮಾಡಿದೆ. ಅದು ನನ್ನ ಕಾಲ ಬುಡದಲ್ಲಿದ್ದ ಅವನ ಚೀಲದಲ್ಲಿ ಬಡಿದುಕೊಂಡಿತು.

ಅಷ್ಟರಲ್ಲಿ ಅಕ್ಕನ ಕೈಮೇಲೆ ಟಪ್ಪೆಂದು ಒಂದು ಹನಿ ಬಿತ್ತು.

ಅಕ್ಕ ಹನಿಯನ್ನು ನೋಡಿದರು. ನಾನು ಕಣ್ಣು ಮುಚ್ಚಿದೆ, ಕಪ್ತಾನರ ದೋಣಿ ಹೋಯಿತು ಎಂದುಕೊಂಡೆ. ಅಕ್ಕ ನಿಧಾನವಾಗಿ ತಲೆಯೆತ್ತಿದರು. ಮೇಲೆ ಜಿಪ್ಪಿನ ಜೊತೆ ಗುದ್ದಾಡುತ್ತಿದ್ದ ಗಂಡನ ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಇದು ಲೆಕ್ಕಕ್ಕಿಲ್ಲ," ಎಂದು ಸೆರಗಿನಲ್ಲಿ ಒರೆಸಿಕೊಂಡರು.

ಕಪ್ತಾನರು ತಾಳ್ಮೆಗೆಟ್ಟು ಕೆಳಗಿನ ಕೋಣೆಯಿಂದ ಚಾಕು ತಂದರು. "ಸೆಕೆಗೆ ಸಾಯುವುದಕ್ಕಿಂತ ಕೊಯ್ಯುವುದೇ ಲೇಸು," ಎಂದು ಕೈ ಎತ್ತಿದರು. ಅಕ್ಕ ಹಾರಿ ಅವರ ಕೈ ಹಿಡಿದರು.

"ಕೊಯ್ಯಬೇಡಿ! ನೀರು ಒಳಗೆ ಬರ್ತದೆ!"

ಕಪ್ತಾನರು ಹೆಂಡತಿಯನ್ನು ನೋಡಿದರು, ಹೆಂಡತಿ ಗಂಡನನ್ನು ನೋಡಿದರು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಕೆಳಗಿನ ಕೋಣೆಗೆ ಇಳಿದು ಸ್ಟವ್ ಹಚ್ಚಿ ಚಹಾ ಮಾಡಿದರು. ಮೂವರೂ ಬೆವರುತ್ತಾ, ವಾಲಿದ ಕಿಟಕಿಯಲ್ಲಿ ಖಾಡಿಯ ಮೇಲೆ ಬೀಳುವ ಮಳೆಯನ್ನು ನೋಡುತ್ತಾ ಕುಡಿದೆವು. ಅಷ್ಟು ರುಚಿಯಾದ ಚಹಾ ನಾನು ಮತ್ತೆ ಕುಡಿದಿಲ್ಲ.

ಮಳೆ ಪೂರ್ತಿ ನಿಂತ ಮೇಲೆಯೇ ಕಾರೀಗರ ಬಂದು ಜಿಪ್ಪು ಎಳೆದ. ನಾನು ಅವನ ಮೇಲೆ ಹಾರಿಬಿದ್ದೆ. "ಒಳಗಿರುವವರು ಹೊರಗೆ ಬರುವುದು ಹೇಗೆ ಅಂತ ಯೋಚನೆ ಮಾಡ್ಲಿಲ್ವಾ ನೀನು?"

ಅವನು ಶಾಂತವಾಗಿ ಹೇಳಿದ: "ಅಣ್ಣಾರ, ಇಷ್ಟು ವರ್ಷ ಟೆಂಪೊಕ್ಕ ಹೊಲದೀನಿ. ಒಳಗಿನ ಉಳ್ಳಾಗಡ್ಡಿ ಒಮ್ಮಿನೂ ಹೊರಗ ಬರ್ತೀನಿ ಅಂದಿಲ್ಲರಿ."

ಆಮೇಲೆ ಜಿಪ್ಪಿಗೆ ಒಳಗೂ ಹಿಡಿ ಹಾಕಿಸಿಕೊಟ್ಟೆವು. ಮಳೆಗಾಲ ಕಳೆದು, ದೀಪಾವಳಿ ಮುಗಿದು, ಇಬ್ಬರೂ ಹೊರಟರು. ಅವರು ಕಡಲಲ್ಲಿ ಇದ್ದಷ್ಟು ದಿನ ನನಗೆ ಅಂಗಡಿಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಒಂದು ಮಧ್ಯಾಹ್ನ ಅಕ್ಕನ ಫೋನು ಬಂತು.

"ಮಲ್ಪೆಗೆ ಬಂದು ಮುಟ್ಟಿದೆವು ಮಾರಾಯ್ರೆ! ದಾರಿಯಲ್ಲಿ ಅಲೆ ಎಷ್ಟು ಹಾರಿದ್ರೂ ಮೈಮೇಲೆ ಒಂದು ಹನಿ ಇಲ್ಲ. ಬೆಳಗ್ಗೆ ನೆಲದ ಕಡೆಯಿಂದ ಬೀಸುವ ಗಾಳಿಗೆ ದೋಣಿ ವಾಲಿದಾಗ ನಿಮ್ಮ ಕಿಟಕಿ ಸಹ ನೆಟ್ಟಗಾಗ್ತಿತ್ತು. ಇವರಿಗೆ ಖುಷಿಯೋ ಖುಷಿ, ದೋಣಿ ಮಾರುವ ಮಾತೇ ಇಲ್ಲ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಫೋನು ಹಿಡಿದುಕೊಂಡೇ ಕಾರೀಗರನ ಬೆನ್ನಿಗೆ ಒಂದು ಗುದ್ದು ಹಾಕಿದೆ, ಸಂತೋಷಕ್ಕೆ.

"ಆದ್ರೆ ಒಂದು ಕೆಲಸ ಬಾಕಿ ಉಂಟು," ಎಂದರು ಅಕ್ಕ. "ಊರಿನವರೆಲ್ಲ ದಡದಲ್ಲಿ ನಿಂತಿದ್ದಾರೆ ಅಂತ ಹೊಸ ರೇಷ್ಮೆ ಸೀರೆ ಉಟ್ಟುಕೊಂಡು ಇಳಿದೆ. ಕಾಲು ಜಾರಿ ಕುತ್ತಿಗೆ ತನಕ ನೀರಿಗೆ ಬಿದ್ದೆ. ಮುಂದಿನ ಸಲಕ್ಕೆ ನನಗೇ ಒಂದು ಹೊದಿಕೆ ಹೊಲಿದು ಇಡಿ. ಜಿಪ್ಪಿನ ಹಿಡಿ ಮಾತ್ರ ಒಳಗೆ!"