ಕಿಲ್ಟು ಉಟ್ಟ ಭಾವನ ಜೊತೆ ಒಂದು ವಿಮಾನಯಾನ

ನಮ್ಮ ಭಾವ ವಿಮಾನ ಹತ್ತುವಾಗ ಲಂಗ ಹಾಕಿಕೊಳ್ಳುತ್ತಾರೆ ಎಂದು ಬ್ರ್ಯಾಂಪ್ಟನ್ನಿನ ಕನ್ನಡಿಗರಲ್ಲಿ ಒಂದು ಸುದ್ದಿ ಓಡಾಡುತ್ತಿದೆ. ಇದು ಶುದ್ಧ ಸುಳ್ಳು. ಅದು ಲಂಗವಲ್ಲ, ಕಿಲ್ಟು! ಸ್ಕಾಟ್ಲೆಂಡಿನ ಗಂಡಸರು ಮದುವೆ ಮುಂಜಿಗಳಿಗೆ ಉಡುವ, ಮಂಡಿಯವರೆಗೆ ಬರುವ, ಹಿಂದುಗಡೆ ಒತ್ತಾಗಿ ನೆರಿಗೆ ಹಿಡಿದ ಚೌಕಳಿಯ ಉಣ್ಣೆ ಬಟ್ಟೆ. ಮೈಸೂರಿನಲ್ಲಿ ಹುಟ್ಟಿ, ಮೈಸೂರಿನಲ್ಲೇ ಇಂಜಿನಿಯರಿಂಗ್ ಓದಿ, ಈ ಪರದೇಶಕ್ಕೆ ಬಂದು ಕಾರಿನ ಬಿಡಿಭಾಗಗಳ ನಕ್ಷೆ ಬರೆಯುವ ಮನುಷ್ಯನಿಗೂ ಸ್ಕಾಟ್ಲೆಂಡಿಗೂ ಏನು ಸಂಬಂಧ ಎನ್ನುತ್ತೀರಾ? ನಾನೂ ಅದನ್ನೇ ಕೇಳಿದ್ದೆ.

"ನಿಂಗೂ ಜೀನ್ಸಿಗೂ ಏನಮ್ಮಾ ಸಂಬಂಧ?" ಎಂದರು ಭಾವ.



ಒಮ್ಮೆ ನಮ್ಮ ರಾಜ್ಯೋತ್ಸವಕ್ಕೂ ಅವರು ಹಾಗೆಯೇ ಬಂದರು. ಮೇಲೆ ಮೈಸೂರು ಪೇಟ, ಕೆಳಗೆ ಕಿಲ್ಟು! ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, "ಏನ್ರೀ, ಪಂಚೆ ಅರ್ಧಕ್ಕೇ ನಿಂತೋಗಿದೆ?" ಎಂದರು. ಭಾವ ಸ್ವಲ್ಪವೂ ವಿಚಲಿತರಾಗಲಿಲ್ಲ. "ಅವ್ರದ್ದೂ ಪಂಚೇನೇ ಸಾರ್. ಅಲ್ಲಿ ಚಳಿ, ಅದ್ಕೆ ಉಣ್ಣೇಲಿ ನೇಯ್ದ್ರು. ಬೆಟ್ಟ ಹತ್ತಬೇಕು, ಅದ್ಕೆ ಮಂಡಿಗೇ ನಿಲ್ಸಿದ್ರು. ನೆರಿಗೆ ನಾವು ಮುಂದಕ್ಕೆ ಹಾಕ್ತೀವಿ, ಅವ್ರು ಹಿಂದಕ್ಕೆ. ಅಷ್ಟೇ ಡಿಫರೆನ್ಸು!" ಹಿರಿಯರು ತಮ್ಮ ಪಂಚೆಯನ್ನೇ ಒಮ್ಮೆ ಅನುಮಾನದಿಂದ ನೋಡಿಕೊಂಡು ಊಟದ ಸಾಲಿಗೆ ಹೋದರು. ಇಲ್ಲಿ ಹುಟ್ಟಿದ ಹುಡುಗರು ಮಾತ್ರ "ಅಂಕಲ್, ದಟ್ಸ್ ಸೋ ಕೂಲ್" ಎಂದು ಅವರ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. ನಮ್ಮಕ್ಕ ಅಂದು ಕಾರ್ಯಕ್ರಮ ಮುಗಿಯುವವರೆಗೂ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಆದರೆ ರಾಜ್ಯೋತ್ಸವ ಬೇರೆ, ವಿಮಾನ ನಿಲ್ದಾಣ ಬೇರೆ. ಭಾವ ಹಳೆಯ ಪರಿಚಿತರೊಬ್ಬರನ್ನು ನೋಡಲು ಆಗಾಗ ದೂರದ ಕಡಲತೀರದ ಹ್ಯಾಲಿಫ್ಯಾಕ್ಸಿಗೆ ಹೋಗುತ್ತಾರೆ, ಹೋಗುವಾಗ ಕಿಲ್ಟನ್ನು ಉಟ್ಟುಕೊಂಡೇ ಹೋಗುತ್ತಾರೆ. ಯಾಕೆ ಎಂದರೆ, "ಅದೆಷ್ಟು ಭಾರ ಗೊತ್ತಾ? ಬ್ಯಾಗಲ್ಲಿಟ್ರೆ ಲಗೇಜು, ಉಟ್ಕೊಂಡ್ರೆ ಫ್ರೀ!" ಎನ್ನುತ್ತಿದ್ದರು. ನಮ್ಮ ಜನಕ್ಕೆ ಇದಕ್ಕಿಂತ ನಂಬುವಂಥ ಕಾರಣ ಬೇಕೆ? ಎಲ್ಲರೂ ನಂಬಿದ್ದೆವು. ಅಕ್ಕ ಒಂದೇ ಸಲ ಜೊತೆಗೆ ಹೋಗಿ ಬಂದು, "ಇನ್ನು ನನ್ ಕೈಲಾಗಲ್ಲ" ಎಂದು ಕೈ ಮುಗಿದಿದ್ದಳು. ಈ ಬಾರಿ ಹೊರಡುವಾಗ ಭಾವನಿಗೆ ಮಂಡಿನೋವು. ಒಬ್ಬರನ್ನೇ ಕಳಿಸಲು ಅವಳಿಗೆ ಮನಸ್ಸಿಲ್ಲ. ಹತ್ತಿರದ ನಾರ್ತ್ ಯಾರ್ಕಿನಲ್ಲಿ ನನ್ನ ಪಾಡಿಗೆ ನಾನಿದ್ದವಳಿಗೆ ಫೋನು ಬಂತು. "ನೀನು ಹೋಗೇ. ನಿಂಗೆ ನಾಚ್ಕೆ ಕಮ್ಮಿ."

ಒಡಹುಟ್ಟಿದವಳ ಬಾಯಿಂದ ಇಂಥ ಪ್ರಶಂಸೆ!

ವಿಮಾನ ನಿಲ್ದಾಣದ ಸೆಕ್ಯುರಿಟಿ ಸಾಲನ್ನು ನೀವೂ ನೋಡಿದ್ದೀರಿ. ಅಲ್ಲಿ ನಾವೆಲ್ಲರೂ ಆದಷ್ಟೂ ಯಾರೂ ಅಲ್ಲದವರ ಹಾಗೆ ಕಾಣಲು ಹೆಣಗುತ್ತೇವೆ. ನಾನಂತೂ ಮನೆಯಲ್ಲೇ ಬಳೆ ಕಳಚಿ, ಕುಂಕುಮ ಒರೆಸಿ, ಮಾಂಗಲ್ಯದ ಸರವನ್ನು ಶರ್ಟಿನೊಳಗೆ ಅಡಗಿಸಿ, ಬೂದುಬಣ್ಣದ ಸ್ವೆಟರೊಂದನ್ನು ತೊಟ್ಟು ಹೊರಡುವವಳು. ಯಾರೂ ಹಾಗೆ ಮಾಡು ಎಂದು ಹೇಳಿದ್ದಲ್ಲ. ಯಾವತ್ತು ಶುರುವಾಯಿತೋ ನೆನಪೂ ಇಲ್ಲ. ಅಂಥ ಸಾಲಿನಲ್ಲಿ, ನನ್ನ ಮುಂದೆ, ಕೆಂಪು ಹಸಿರು ಚೌಕಳಿಯ ಕಿಲ್ಟು, ಮಂಡಿಯವರೆಗೆ ಎಳೆದ ಉಣ್ಣೆ ಕಾಲುಚೀಲ, ಸೊಂಟದ ಮುಂದೆ ಜೋತಾಡುವ ತುಪ್ಪಳದ ಚೀಲ ಸಮೇತ ಮೈಸೂರಿನ ಗಂಡಸೊಬ್ಬರು ಕುಂಟುತ್ತಾ ನಡೆಯುತ್ತಿದ್ದರೆ ಹೇಗಿರಬೇಡ!

ಭಾವ ಮೈ ತಪಾಸಣೆಯ ಯಂತ್ರದೊಳಗೆ ಕೈಯೆತ್ತಿ ನಿಂತರು. ಪರದೆಯ ಮೇಲಿನ ಬೊಂಬೆಗೆ ಮೈಯೆಲ್ಲ ಹಳದಿ ಚೌಕಗಳು! ಪಕ್ಕೆಯ ಬಕಲ್ಲುಗಳು, ಅಂಚಿಗೆ ಚುಚ್ಚಿದ ದೊಡ್ಡ ಪಿನ್ನು, ತುಪ್ಪಳದ ಚೀಲದ ಸರಪಳಿ, ಒಂದನ್ನೂ ಯಂತ್ರ ಬಿಟ್ಟಿರಲಿಲ್ಲ. ಪೇಟ ಸುತ್ತಿದ ಸರ್ದಾರ್ ತರುಣನೊಬ್ಬ ಕೈಗವಸು ಹಾಕಿಕೊಂಡು ಮುಂದೆ ಬಂದ. ಚೀಲ ತೆರೆದ. ಒಳಗೆ ಪೊಟ್ಟಣ ಕಟ್ಟಿದ ಕೆಂಪು ಪುಡಿ.

"ಅಂಕಲ್ ಜೀ, ಯೇ ಕ್ಯಾ ಹೈ?"

"ಚಟ್ನಿಪುಡಿ. ಫಾರ್ ಸ್ಯಾಂಡ್‌ವಿಚ್."

ಆತ ಮೂಸಿ ನೋಡಿ ಜೋರಾಗಿ ಸೀನಿದ. ಪಕ್ಕದ ಸಾಲಿನವರು ಎರಡು ಹೆಜ್ಜೆ ಹಿಂದೆ ಸರಿದರು. ಪುಡಿಯ ಪರೀಕ್ಷೆ ಮುಗಿದ ಮೇಲೆ ಭಾವನ ಕಾಲುಚೀಲದೊಳಗಿಂದ ಇಣುಕುತ್ತಿದ್ದ ಒಂದು ಮರದ ತುಂಡಿನ ಮೇಲೆ ಆತನ ಕಣ್ಣು ಬಿತ್ತು. ಅಲ್ಲಿ ಪುಟ್ಟ ಚಾಕು ಸಿಕ್ಕಿಸಿಕೊಳ್ಳುವುದು ಸ್ಕಾಟ್ಲೆಂಡಿನ ಪದ್ಧತಿ. ವಿಮಾನಕ್ಕೆ ಚಾಕು ಒಯ್ಯುವಂತಿಲ್ಲ. ಪದ್ಧತಿ ಬಿಡಲು ಭಾವ ಸಿದ್ಧರಿಲ್ಲ. ಹಾಗಾಗಿ ಅಕ್ಕನ ಮುರಿದ ಸೌಟಿನ ಹಿಡಿಯನ್ನು ಸಿಕ್ಕಿಸಿಕೊಂಡಿದ್ದರು.

"ವಾಟ್ ಈಸ್ ದಿಸ್?"

"ಸ್ಪೂನ್."

"ವೇರ್ ಈಸ್ ದ ರೆಸ್ಟ್ ಆಫ್ ಇಟ್?"

"ಇನ್ ಬ್ರ್ಯಾಂಪ್ಟನ್."

ಸರ್ದಾರ್ ತುಟಿ ಕಚ್ಚಿಕೊಂಡು ನಗು ತಡೆದ. ಆಮೇಲೆ ಸಂಕೋಚದಿಂದ ಹತ್ತಿರ ಬಂದು, ಒಳಗೆ ಏನಾದರೂ ಹಾಕಿದ್ದೀರಾ ಎಂದು ಪಿಸುಗುಟ್ಟಿದ. ಭಾವ ಎದೆಯುಬ್ಬಿಸಿ, ಇಡೀ ಸಾಲಿಗೆ ಕೇಳುವಂತೆ, "ಪಟಾಪಟಿ!" ಎಂದರು.

"ಈಸ್ ದಟ್ ಎ ವೆಪನ್, ಅಂಕಲ್ ಜೀ?"

ಪಟ್ಟೆ ಪಟ್ಟೆ ಚಡ್ಡಿ ಎಂದು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಕ ಹೇಳಿದಷ್ಟೇನೂ ನನಗೆ ನಾಚಿಕೆ ಕಮ್ಮಿಯಿಲ್ಲ ಎಂದು ಅಂದು ತಿಳಿಯಿತು.

ಎಲ್ಲ ಮುಗಿದು ಭಾವ ಬೆಂಚಿನ ಮೇಲೆ ಕೂತು ಬೂಟಿನ ದಾರ ಕಟ್ಟಲು ಬಗ್ಗಿದರು. ಮಂಡಿ ಬಿಡಲಿಲ್ಲ. ಸರ್ದಾರ್ ತರುಣ ತಾನೇ ಬಗ್ಗಿ ಕಟ್ಟಿಕೊಟ್ಟ. "ನಾನು ರಜಕ್ಕೆ ಹೋಗುವಾಗ ನನ್ನ ಪೇಟಕ್ಕೂ ಹೀಗೇ ಆಗುತ್ತೆ ಅಂಕಲ್ ಜೀ. ಸಿಟ್ಟು ಮಾಡ್ಕೋಬೇಡಿ" ಎಂದು ಹಿಂದಿಯಲ್ಲಿ ಹೇಳಿದ. ಭಾವ ಅವನ ಭುಜ ತಟ್ಟಿದರು. ಇಬ್ಬರೂ ಎಷ್ಟೋ ಕಾಲದ ಪರಿಚಿತರ ಹಾಗೆ ಕಂಡರು. ನಾನು ನನ್ನ ಬೂದು ಸ್ವೆಟರಿನಲ್ಲಿ ಪಕ್ಕಕ್ಕೆ ನಿಂತಿದ್ದೆ. ನನ್ನನ್ನು ಯಾರೂ ತಡೆದಿರಲಿಲ್ಲ, ಯಾರೂ ನೋಡಿಯೂ ಇರಲಿಲ್ಲ. ಅದು ನನಗೆ ಯಾವಾಗಲೂ ಸಮಾಧಾನ ಕೊಡುತ್ತಿತ್ತು. ಅಂದು ಯಾಕೋ ಕೊಡಲಿಲ್ಲ.

ವಿಮಾನ ಮೇಲೇರಿದ ಮೇಲೆ ಕೇಳಿದೆ. "ಭಾವ, ಲಗೇಜಿನ ಕತೆ ಬಿಡಿ. ಇಷ್ಟೆಲ್ಲಾ ಯಾಕೆ ಪಡ್ತೀರಿ? ಅಲ್ಲಿ ಹೋಗಿ ಚೇಂಜ್ ಮಾಡ್ಕೊಂಡ್ರೆ ಆಗಲ್ವಾ?"



"ಒಂದ್ಸಲ ಬ್ಯಾಗಲ್ಲಿಟ್ಟಿದ್ದೆ ಕಣಮ್ಮಾ. ಬ್ಯಾಗ್ ಬರ್ಲೇ ಇಲ್ಲ, ಎರಡು ದಿನ ಬಿಟ್ಟು ಬಂತು. ಪ್ಯಾಂಟಲ್ಲೇ ಹೋದೆ. ಓನರ್ರು ನನ್ನನ್ನ ಹೀಟರ್ ರಿಪೇರಿಯವ್ನು ಅಂದ್ಕೊಂಡ್ರು."

ಓನರ್ರು ಎಂದರೆ ಭಾವ ಈ ದೇಶಕ್ಕೆ ಬಂದ ಹೊಸತರಲ್ಲಿ ಒಶಾವಾದಲ್ಲಿ ಬಾಡಿಗೆಗಿದ್ದ ಬೇಸ್‌ಮೆಂಟಿನ ಮಾಲೀಕರು. ಸ್ಕಾಟ್ಲೆಂಡಿನಿಂದ ಬಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ವಿಧುರ. ಮೊದಲ ಚಳಿಗಾಲದಲ್ಲಿ ಭಾವನಿಗೆ ಜ್ವರ ಬಂದು ಮಲಗಿದಾಗ ಮೆಟ್ಟಿಲಿಳಿದು ಸೂಪು ತಂದುಕೊಟ್ಟವರು. ಆಮೇಲೆ ಭಾನುವಾರದ ಊಟ ಇಬ್ಬರದೂ ಒಟ್ಟಿಗೇ ಆಯಿತು. ವಯಸ್ಸಾಗಿ ಹ್ಯಾಲಿಫ್ಯಾಕ್ಸಿನಲ್ಲಿರುವ ಮಗಳ ಊರಿಗೆ ಹೊರಟಾಗ, ತಮ್ಮ ಕಿಲ್ಟನ್ನು ಭಾವನ ಕೈಗಿಟ್ಟು, "ನನ್ನ ಮಕ್ಕಳು ಯಾರೂ ಇದನ್ನು ಉಡುವುದಿಲ್ಲ. ನೀನು ಉಡು" ಎಂದರಂತೆ. ಈಗ ಅವರು ವೃದ್ಧಾಶ್ರಮದಲ್ಲಿದ್ದಾರೆ. ನೆನಪು ಹೋಗುತ್ತಿದೆ.

"ಕಿಲ್ಟ್ ನೋಡಿದ್ರೆ ನನ್ ಗುರ್ತು ಹಿಡೀತಾರೆ. ಬಾಗಿಲಲ್ಲೇ ಹೆಸರು ಹಿಡಿದು ಕೂಗ್ತಾರೆ" ಎಂದರು ಭಾವ. ಬ್ರ್ಯಾಂಪ್ಟನ್ನಿನಲ್ಲಿ ಇಷ್ಟು ವರ್ಷ ನಗಿಸುತ್ತಲೇ ಇದ್ದ ಮನುಷ್ಯ ಇದನ್ನು ಯಾರಿಗೂ ಹೇಳಿರಲಿಲ್ಲ.

ವೃದ್ಧಾಶ್ರಮದ ಕೋಣೆಯಲ್ಲಿ ಓನರ್ರು ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಹಿಡಿಯಷ್ಟಾಗಿದ್ದರು. ಭಾವ ಬಾಗಿಲಲ್ಲಿ ನಿಂತು ನೆರಿಗೆ ಸರಿಮಾಡಿಕೊಂಡರು. ಮುದುಕರು ನೋಡಿದರು. ಮತ್ತೆ ಕಿಟಕಿಯ ಕಡೆ ತಿರುಗಿದರು. ಭಾವ ತಮ್ಮ ಹೆಸರು ಹೇಳಿದರು, ಒಶಾವಾ ಎಂದರು, ಬೇಸ್‌ಮೆಂಟು ಎಂದರು. ಮುದುಕರ ಮುಖದಲ್ಲಿ ಏನೂ ಮೂಡಲಿಲ್ಲ. ಭಾವ ಮಂಡಿನೋವನ್ನೂ ಮರೆತು ಅವರ ಕಾಲ ಬಳಿಯ ಸಣ್ಣ ಸ್ಟೂಲಿನ ಮೇಲೆ ಕುಸಿದು ಕೂತರು.

ಆಗ ಮುದುಕರ ಕೈ ಮೆಲ್ಲಗೆ ಬಂದು ಕಿಲ್ಟಿನ ಅಂಚನ್ನು ಮುಟ್ಟಿತು. ಬೆರಳುಗಳು ಚೌಕಳಿಯ ಗೆರೆ ಹಿಡಿದು ಸಾಗಿದವು. ಕಣ್ಣು ಅರಳಿತು. ಯಾವುದೋ ಹೆಸರು ಹಿಡಿದು ಕರೆದರು. ಅದು ಭಾವನ ಹೆಸರಲ್ಲ. ಅವರ ತಮ್ಮನದಂತೆ, ಸ್ಕಾಟ್ಲೆಂಡಿನಲ್ಲಿ ತೀರಿಹೋಗಿ ಎಷ್ಟೋ ವರ್ಷವಾಯಿತು ಎಂದು ಪಕ್ಕದಲ್ಲೇ ನಿಂತಿದ್ದ ಅವರ ಮಗಳು ನನ್ನ ಕಿವಿಯಲ್ಲಿ ಹೇಳಿದರು.

"ಅಷ್ಟು ದೂರದಿಂದ ಬಂದೆಯಾ?" ಎಂದರು ಮುದುಕರು.

ಭಾವ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, "ಬಂದೆ ಅಣ್ಣಾ" ಎಂದರು. ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವರು ಅದೊಂದನ್ನು ಕನ್ನಡದಲ್ಲಿ ಅಂದರು. ಮುದುಕರು ಅರ್ಥವಾದಂತೆ ತಲೆಯಾಡಿಸಿದರು.

"ಅಮ್ಮ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ" ಎಂದರು ಭಾವ. "ಹೊರಡುವಾಗ ನಿನ್ನನ್ನೇ ಕೇಳುತ್ತಿದ್ದಳು."